ಬಿಚ್ಚಿದ ಕಟ್ಟು

ಸಂಜೀವಪ್ಪ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತ ಮೊದಲ ವಾರದಲ್ಲೇ ಮನೆಯವರಿಗೆ ಅವನ ಬೆರಳಿಗಿಂತ ಅವನ ಬಾಯಿ ದೊಡ್ಡ ತಾಪತ್ರಯವಾಯಿತು. ತೆಲುಗು ಸೀಮೆಗೆ ಸೇರಿದ ರಾಯದುರ್ಗದ ಜೀನ್ಸ್ ಘಟಕವೊಂದರಲ್ಲಿ ಇಪ್ಪತ್ತೆರಡು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವನು ಅವನು. ಅರವತ್ತು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಸೀಳುವ ಯಂತ್ರದ ಅಲಗು ಒಂದು ದಿನ ಅವನ ಎಡಗೈಯ ಎರಡು ಬೆರಳಿಗೆ ತಾಗಿ ನರ ಕತ್ತರಿಸಿತ್ತು. ಎರಡು ತಿಂಗಳು ಆ ಕೈಗೆ ಕೆಲಸ ಕೊಡಬಾರದು ಎಂದು ಡಾಕ್ಟರು ಹೇಳಿದ್ದರು. ಬಾಯಿಗೆ ಏನೂ ಹೇಳಿರಲಿಲ್ಲ.

"ಸಾರಿಗೆ ಹುಣಸಿಹಣ್ಣು ಹೆಚ್ಚಾತು," ಎನ್ನುವನು. "ಆ ಬಟ್ಟಿ ಕಟ್ಟು ಗೋಡಿಗೆ ಯಾಕ ಒರಗಿಸೀರಿ, ತ್ಯಾವ ಹಿಡಿತೈತಿ," ಎನ್ನುವನು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ಅದಕ್ಕೂ ಒಂದು ಪಂಚಾಯ್ತಿ.

"ಇಷ್ಟು ವರ್ಷ ನೀವು ಮನ್ಯಾಗ ಇರ್ಲಿಲ್ಲಲ್ರಿ, ಅವಾಗ ನಾವೆಲ್ಲ ಹೆಂಗ ಬದುಕಿದ್ವಿ ಅಂತ ನನಗ ಆಶ್ಚರ್ಯ ಆಗತೈತಿ," ಎಂದು ಹೆಂಡತಿ ನರಸಕ್ಕ ರೊಟ್ಟಿ ತಟ್ಟುತ್ತಲೇ ಹೇಳಿದಳು.

ಹೊರಕೋಣೆಯಲ್ಲಿ ಮಗಳು ವಾಣಿಶ್ರೀಯ ಹೊಲಿಗೆ ಮಿಷನ್ನು ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಘಟಕದ ಮಾಲೀಕ ಸಿದ್ದಬಸಪ್ಪ ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಆಟೋದಲ್ಲಿ ಮನೆಗೇ ಕಳಿಸುತ್ತಿದ್ದ. ವಾಣಿಶ್ರೀ ಹೊಲಿಯುವಳು, ನರಸಕ್ಕ ಒಲೆಯ ಕೆಲಸ ಮುಗಿಸಿ ಬಂದು ನೂಲು ಕತ್ತರಿಸಿ ಗುಂಡಿ ಹಾಕುವಳು. ವಾಣಿಶ್ರೀಗೆ ಇಪ್ಪತ್ತೇಳು. ಹನ್ನೆರಡನೆಯ ತರಗತಿಯ ಇಂಟರ್ ಮುಗಿಸಿ ಆ ಮಿಷನ್ನಿನ ಮುಂದೆ ಕೂತವಳು ಹತ್ತು ವರ್ಷ ಎದ್ದಿರಲಿಲ್ಲ. ಎರಡು ಸಲ ಸಂಬಂಧ ಬಂದಾಗಲೂ ದಸರೆಯ ಸೀಸನ್ನು ಮುಗಿಯಲಿ ಎಂದು ಸಂಜೀವಪ್ಪನೇ ಮುಂದಕ್ಕೆ ಹಾಕಿದ್ದ. ಸೀಸನ್ನು ಮುಗಿಯುವಷ್ಟರಲ್ಲಿ ಗಂಡಿನ ಕಡೆಯವರೂ ಬೇರೆ ಕಡೆ ಮದುವೆ ಮುಗಿಸಿಕೊಂಡಿರುತ್ತಿದ್ದರು.

ಅಪ್ಪನ ಬಾಯಿಗೆ ಬೀಗ ತಂದವನು ಮಗ ರಾಮಾಂಜಿನೇಯ. ಪ್ಯಾಂಟಿಗೆ ಹಚ್ಚುವ ಲೇಬಲ್ಲುಗಳನ್ನು ಡಿಸೈನ್ ಮಾಡುವ ಅಂಗಡಿ ಇಟ್ಟುಕೊಂಡಿದ್ದ ಅವನು, ಅಂಗಡಿಯ ಹಳೆಯ ಕಂಪ್ಯೂಟರನ್ನು ಹೊತ್ತು ತಂದು ಹೊರಕೋಣೆಯ ಮೂಲೆಯಲ್ಲಿ ಇಟ್ಟ.

"ಇದ್ರಾಗ ಏನೈತಿ?" ಎಂದ ಸಂಜೀವಪ್ಪ.

"ಊರು ಕಟ್ಟೋ ಆಟಪ್ಪ. ಮೂರು ಮಂದಿ ಒಂದು ಬಯಲಾಗ ಬಂದು ಬಿದ್ದಾರ. ಅವರಿಗೆ ಹೊಲ, ಮನಿ, ಒಲಿ, ಹಾಸಿಗಿ ಎಲ್ಲಾ ಆಗಬೇಕು."

"ಈ ಕೈ ಇಟ್ಟುಕೊಂಡು ನಾ ಏನು ಮಾಡ್ಲೋ?"

"ನೀ ಮಾಡಂಗಿಲ್ಲ. ಹೇಳ್ಬೇಕಷ್ಟ. ಅವ್ರು ಮಾಡ್ತಾರ."

ಹೇಳುವ ಕೆಲಸ ಎಂದಕೂಡಲೇ ಸಂಜೀವಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

ಮೊದಲು ಹೆಸರಿಡುವ ಕೆಲಸ. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಒಗ್ಗಲಿಲ್ಲ. ಮೂವರಲ್ಲಿ ಒಬ್ಬಳಿಗೆ ಅಡುಗೆ ಚೆನ್ನಾಗಿ ಬರುತ್ತದೆ ಎಂದು ಮಗ ಓದಿ ಹೇಳಿದ. ಅವಳು ತಿಪ್ಪಕ್ಕನಾದಳು. ಇನ್ನೊಬ್ಬ ಮಾತು ಬಿಟ್ಟು ಬೇರೆ ಮೈಕೆಲಸವನ್ನೇ ಮಾಡುವುದಿಲ್ಲವಂತೆ.

"ಇಂವ ನಮ್ಮ ಸಿದ್ದಬಸಪ್ಪ, ಬರಕೊ," ಎಂದ ಸಂಜೀವಪ್ಪ. ಅಂದು ಆ ಮನೆಯಲ್ಲಿ ಬಹಳ ದಿನದ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಮೂರನೆಯವಳಿಗೆ ಹೊಲಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ. ಅವಳಿಗೆ ವಾಣಿ ಎಂದೇ ಹೆಸರಾಯಿತು.

"ಅಲ್ಲೂ ನಾನ ಹೊಲೀಬೇಕೇನಪ್ಪ?" ಎಂದು ವಾಣಿಶ್ರೀ ಮಿಷನ್ ನಿಲ್ಲಿಸದೆಯೇ ಕೇಳಿದಳು.

ಮೊದಲ ಮೂರು ದಿನ ಸಂಜೀವಪ್ಪನ ಊರು ಮೂರು ಸಲ ಹಾಳಾಯಿತು. ನೇಮಕಲ್ಲು ಎಂಬ ಹಳ್ಳಿಯಲ್ಲಿ ಹುಟ್ಟಿ ಬೇಸಾಯ ಕಂಡವನಾದ್ದರಿಂದ ಮೊದಲು ಹೊಲವನ್ನೇ ಹಿಡಿದ. ಆಟದಲ್ಲಿ ಶೇಂಗಾ ಇಲ್ಲವೆಂದು ತಿಳಿದು ಬೇಸರಪಟ್ಟುಕೊಂಡು ಕಂಡಷ್ಟು ನೆಲಕ್ಕೂ ಆಲೂಗಡ್ಡೆ ಹಾಕಿಸಿದ. ಸೂರು ಹಾಕಿಸುವುದು ಮರೆತುಹೋಗಿ ಬೆಳೆದದ್ದೆಲ್ಲ ಮಳೆಗೆ ಕೊಳೆಯಿತು. ಎರಡನೆಯ ಸಲ ದೊಡ್ಡ ಗೋದಾಮು ಕಟ್ಟಿಸಿದ, ಅದರಲ್ಲಿ ಇಡಲಿಕ್ಕೆ ಏನೂ ಇರಲಿಲ್ಲ. ಮೂರನೆಯ ಸಲ ಒಲೆ ಇತ್ತು, ಅಡುಗೆ ಮಾಡು ಎಂದು ತಿಪ್ಪಕ್ಕನಿಗೆ ಹೇಳಿರಲಿಲ್ಲ. ಮೂವರೂ ಹಸಿ ಆಲೂಗಡ್ಡೆ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದರು.

"ಹೇಳದ ಇದ್ರ ಇವಕ್ಕ ತಿಳಿಯಂಗಿಲ್ಲೇನೋ? ನಿಮ್ಮವ್ವಗ ನಾ ದಿನಾ ಹೇಳ್ತೀನೇನು ಅಡಿಗಿ ಮಾಡು ಅಂತ?"

"ಅವ್ವ ಬ್ಯಾರೆ, ಇವು ಬ್ಯಾರೆ. ಅಪ್ಪಾ, ನೀ ಮೊದ್ಲು ಆಟ ನಿಲ್ಲಿಸೋದು ಕಲಿ. ಈ ಉದ್ದನ ಗುಂಡಿ ಒತ್ತಿದ್ರ ಎಲ್ಲಾ ನಿಲ್ತೈತಿ. ನಿಧಾನಕ್ಕ ನೋಡಿ, ಏನು ಬೇಕು ಹೇಳಿ, ಮತ್ತ ಒತ್ತು. ಹೊಸಬ್ರು ಸೋಲೋದು ನಿಲ್ಲಿಸದ ಇರೋದಕ್ಕ."

"ನಡಿಯೋ ಕೆಲಸ ನಿಲ್ಲಿಸೋ ಚಟ ನನಗಿಲ್ಲ," ಎಂದ ಸಂಜೀವಪ್ಪ.

ನಾಲ್ಕನೆಯ ಊರು ನಿಂತಿತು. ಸೂರಿತ್ತು, ಹೊಲವಿತ್ತು, ತಿಪ್ಪಕ್ಕ ಬೇಯಿಸಿ ಹಾಕುತ್ತಿದ್ದಳು. ಯಾರು ಯಾವ ಕೆಲಸವನ್ನು ಮೊದಲು ಮಾಡಬೇಕು ಎಂದು ಅಂಕಿ ಹಾಕುವ ಒಂದು ಪಟ್ಟಿಯನ್ನು ಮಗ ತೆರೆದು ತೋರಿಸಿದಾಗ ಸಂಜೀವಪ್ಪನಿಗೆ ಘಟಕದಲ್ಲಿ ಕೆಲಸ ಹಂಚಿ ಬರೆಯುವ ಗೋಡೆಯ ಹಲಗೆಯನ್ನೇ ಕಂಡಂತಾಯಿತು. ವಾಣಿಯ ಸಾಲಿನಲ್ಲಿ ಎಲ್ಲ ಕೆಲಸದ ಚೌಕಕ್ಕೂ ಒಂದು, ಒಂದು, ಒಂದು ಎಂದು ಹಾಕಿಸಿದ.

"ಎಲ್ಲಾ ಅಕಿಗೇ ಹಾಕಿದ್ರ ಹೆಂಗಪ್ಪ? ಮನಸು ಕೆಡತೈತಿ ಅಕಿಗೆ. ನೋಡಿಲ್ಲಿ, ಈ ಗೀಟು ಕೆಳಗ ಇಳಿಯಾಕ ಹತ್ತೈತಿ."

"ಚಲೋ ಕೈಗೆ ಕೆಲಸ ಹೆಚ್ಚು. ಅದು ಎಲ್ಲಾ ಕಡಿ ಹಂಗ," ಎಂದ ಅಪ್ಪ.

ಆ ಸೋಮವಾರ ಸಂಜೀವಪ್ಪನ ಫೋನಿಗೆ ಮಡಕಶಿರಾದಿಂದ ವಾಣಿಶ್ರೀಗೆ ಕರೆ ಬಂತು. ರೊಳ್ಳ, ಅಮರಾಪುರದ ಕಡೆಯ ಹೆಣ್ಣುಮಕ್ಕಳು ಕೆಲಸ ಹುಡುಕಿಕೊಂಡು ಊರು ಬಿಡುವುದನ್ನು ತಪ್ಪಿಸಲು ಅಲ್ಲೊಂದು ಹೊಲಿಗೆ ಕಲಿಸುವ ಕೇಂದ್ರ ತೆರೆದಿದ್ದರು. ಬೇಸಿಗೆಯಲ್ಲೇ ವಾಣಿಶ್ರೀ ಅಲ್ಲಿಗೆ ಅರ್ಜಿ ಹಾಕಿ, ಹೊಲಿದ ಒಂದು ಜೇಬಿನ ಮಾದರಿಯನ್ನೂ ಕಳಿಸಿದ್ದಳು. ಕಲಿಸುವ ಟೀಚರ್ ಕೆಲಸ, ತಿಂಗಳ ಸಂಬಳ, ಇರಲಿಕ್ಕೆ ಕೋಣೆ. ಗುರುವಾರ ಬಂದು ನಾಲ್ಕು ಜನರ ಮುಂದೆ ಹೊಲಿದು ತೋರಿಸಬೇಕು ಎಂದರು. ಫೋನು ಇಟ್ಟ ಮೇಲೆ ವಾಣಿಶ್ರೀ ಹಿತ್ತಲಿಗೆ ಹೋಗಿ ಕಾರಣವಿಲ್ಲದೆ ಮುಖ ತೊಳೆದುಕೊಂಡು ಬಂದಳು.

ಮರುದಿನ ಮಂಗಳವಾರ ಸಿದ್ದಬಸಪ್ಪನ ಆಟೋ ಬಂದು ನಾಲ್ಕು ಕಟ್ಟು ಇಳಿಸಿ ಹೋಯಿತು. ಶುಕ್ರವಾರ ಲಾರಿಗೆ ಹಾಕಬೇಕಂತೆ. ಕೂತಲ್ಲೇ ಹೂಂ ಎಂದಿದ್ದವನು ಸಂಜೀವಪ್ಪ. ಬುಧವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ರೊಟ್ಟಿಗಿಂತ ಮೊದಲು ಜಗಳ ಬಿಸಿಯಾಯಿತು.

"ನಾಳಿ ನಸಕಿನಾಗ ಹೋದ್ರ ಸಂಜಿಗೆ ಬಂದುಬಿಡ್ತೀನಪ್ಪ. ಒಂದು ದಿನ."

"ಕೊನೀ ಕಟ್ಟು ಬಿಚ್ಚೀಯಲ್ಲ?"

"ಬಿಚ್ಚೀನಿ. ಪುಟ್ಟಕ್ಕ ಮುಗಿಸಿ ಕೊಡ್ತೀನಿ ಅಂದಾಳ."

ಪಕ್ಕದ ಮನೆಯ ಪುಟ್ಟಕ್ಕ ಬಾಗಿಲಲ್ಲೇ ನಿಂತಿದ್ದಳು. "ಹೌದ್ರಿ ಮಾಸ್ಟ್ರೇ, ಹುಡುಗಿ ಹೋಗಿ ಬರ್ಲಿ. ನನ್ನ ಕೈಯೂ ಅಷ್ಟು ಕೆಟ್ಟಿಲ್ಲ," ಎಂದಳು.

ಸಂಜೀವಪ್ಪ ತಲೆ ಅಲ್ಲಾಡಿಸಿದ. ಕಟ್ಟು ಬಿಚ್ಚಿದ ಕೈಯೇ ಆ ಕಟ್ಟನ್ನು ಮುಗಿಸಬೇಕೆಂಬುದು ಅವನು ಇಪ್ಪತ್ತೆರಡು ವರ್ಷ ನಡೆಸಿಕೊಂಡು ಬಂದ ಕಟ್ಟಳೆ. ಒಂದೊಂದು ಕೈಯ ಹೊಲಿಗೆ ಒಂದೊಂದು ಬಿಗಿ. ಹೊಲಿದಾಗ ಕಾಣುವುದಿಲ್ಲ, ಕಲ್ಲು ಹಾಕಿ ಒಗೆದ ಮೇಲೆ ಕಾಣುತ್ತದೆ. ಒಂದು ಪ್ಯಾಂಟಿನ ಅಂಚು ನೆಟ್ಟಗೆ, ಇನ್ನೊಂದರದು ಸುಕ್ಕು. ಹಾಗೆ ಬೆರಕೆಯಾದ ಕಟ್ಟು ಅವನ ಕೈಯಿಂದ ಒಂದೂ ಹೋಗಿರಲಿಲ್ಲ. ಅದು ಅವನ ಹೆಮ್ಮೆ. ಕೈ ಕೆಟ್ಟು ಕೂತ ಮೇಲಂತೂ ಉಳಿದ ಹೆಮ್ಮೆ ಅದೊಂದೇ.

"ಒಂದು ಕಟ್ಟಿಗೆ ಎರಡು ಕೈ ನಾ ಒಪ್ಪಂಗಿಲ್ಲ," ಎಂದ.

"ಪ್ಯಾಂಟಿನ ಸುಕ್ಕು ಕಾಣತೈತಿ ನಿಮಗ. ಮಗಳ ಮುಖ ಕಾಣಂಗಿಲ್ಲ," ಎಂದು ನರಸಕ್ಕ ತಟ್ಟೆ ಕುಕ್ಕಿದಳು.

"ಏ, ನಾ ಬ್ಯಾಡ ಅಂದ್ನೇನು? ಸೋಮವಾರ ಹೋಗ್ಲಿ. ನಾಳಿ ಹತ್ತು ಗಂಟಿಗೆ ಆಫೀಸು ತೆರದಕೂಡ್ಲೇ ನಾನೇ ಫೋನ್ ಮಾಡಿ ಹೇಳ್ತೀನಿ. ದೊಡ್ಡವರು ಕೇಳಿದ್ರ ಇಲ್ಲ ಅನ್ನಂಗಿಲ್ಲ. ತೆಲುಗಿನಾಗ ಎರಡು ಮಾತು ಚಂದಾಗಿ ಆಡಿದ್ರ ಮುಗೀತು."

ವಾಣಿಶ್ರೀ ಅಪ್ಪನ ಮುಖ ನೋಡಿದಳು. "ಹತ್ತಕ್ಕ ಮರೀಬ್ಯಾಡಪ್ಪ," ಎಂದಳು.

"ಮರೀತೀನೇನ?"

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ತಿಂದು ಫೋನನ್ನು ಎದುರಿಗೇ ಇಟ್ಟುಕೊಂಡು ಸಂಜೀವಪ್ಪ ಕಂಪ್ಯೂಟರ್ ಮುಂದೆ ಕೂತ. ಹತ್ತಾಗುವವರೆಗೆ ಎಂದೇ ಕೂತದ್ದು. ಆದರೆ ಅವನ ಊರಿಗೆ ಚಳಿಗಾಲ ಬಂದಿತ್ತು. ಮೂವರಿಗೂ ದಪ್ಪ ಕೋಟು ಆಗದಿದ್ದರೆ ಹೆಪ್ಪುಗಟ್ಟಿ ಸಾಯುತ್ತಾರೆ ಎಂದು ಮಗ ಎಚ್ಚರಿಸಿದ್ದ. ವಾಣಿಯನ್ನು ಹೊಲಿಗೆ ಮೇಜಿಗೆ ಕೂರಿಸಿದ. ಒಂದು ಕೋಟು ಮುಗಿಯಲಿ, ಫೋನ್ ಮಾಡುತ್ತೇನೆ ಎಂದುಕೊಂಡ. ಮುಗಿಯುವಷ್ಟರಲ್ಲಿ ಸೌದೆ ಮುಗಿಯಿತು. ಸೌದೆ ತರಲಿಕ್ಕೂ ವಾಣಿಯೇ ಹೋದಳು. ತಿಪ್ಪಕ್ಕನಿಗೆ ಜ್ವರ ಬಂತು. ಸಿದ್ದಬಸಪ್ಪ ಬೆಂಕಿ ಕಾಯಿಸಿಕೊಂಡು ಕೂತಿದ್ದ. ಆ ಉದ್ದನೆಯ ಗುಂಡಿಯನ್ನು ಒಂದು ಸಲ ಒತ್ತಿದ್ದರೆ ಎಲ್ಲವೂ ನಿಲ್ಲುತ್ತಿತ್ತು. ಸಂಜೀವಪ್ಪ ಒತ್ತಲಿಲ್ಲ.

"ಅಪ್ಪಾ, ಮಾತಾಡಿದ್ಯಾ?"

ಮಿಷನ್ ನಿಲ್ಲಿಸಿ ವಾಣಿಶ್ರೀ ಕೇಳಿದ್ದಳು. ಸಂಜೀವಪ್ಪ ಗೋಡೆಯ ಗಡಿಯಾರ ನೋಡಿದ. ಒಂದೂವರೆ.

"ಹೂಂ. ಮಾತಾಡ್ದೆ," ಎಂದುಬಿಟ್ಟ. "ಇವತ್ತೇ ಬರಬೇಕಿತ್ತಂತ. ಬ್ಯಾರೆ ದಿನ ಆಗಂಗಿಲ್ಲ ಅಂದ್ರು."

ಸುಳ್ಳು ಅವನಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು. ವಾಣಿಶ್ರೀ "ಹೌದಾ" ಎಂದಳು. ಮತ್ತೆ ಮಿಷನ್ ಶುರುವಾಯಿತು. ಆಗಲಾದರೂ ಹೊರಗೆ ಹೋಗಿ ಫೋನ್ ಮಾಡಬಹುದಿತ್ತು. ಮಾಡಿ ಅವರು ಸೋಮವಾರ ಬನ್ನಿ ಎಂದುಬಿಟ್ಟರೆ ತನ್ನ ಸುಳ್ಳಿನ ಗತಿ ಏನು ಎಂದು ಯೋಚಿಸುತ್ತ ಅವನು ಕೂತೇ ಇದ್ದ. ನಿಜವಾಗಿ ಮರೆತನೋ, ಇಂಥ ಕೈ ಮನೆ ಬಿಟ್ಟು ಹೋಗಬಾರದೆಂದು ಮರೆತನೋ, ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವನಿಗೆ ಖಚಿತವಾಗಲಿಲ್ಲ.

ಶುಕ್ರವಾರ ಕಟ್ಟುಗಳು ಲಾರಿ ಹತ್ತಿದವು. ಒಂದು ಪ್ಯಾಂಟೂ ವಾಪಸ್ಸು ಬರಲಿಲ್ಲ ಎಂದು ಆಮೇಲೆ ಸಿದ್ದಬಸಪ್ಪ ಫೋನ್ ಮಾಡಿ ಹೊಗಳಿದ. ಸಂಜೀವಪ್ಪ ಆ ಸುದ್ದಿಯನ್ನು ಮನೆಯಲ್ಲಿ ಹೇಳಲಿಲ್ಲ.

ವಾಣಿಶ್ರೀ ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವಳು ಎಂದಿನಂತೆ ಚಹಾ ತಂದು ಕೊಟ್ಟಳು, ಪಟ್ಟಿ ಬದಲಿಸಿದಳು. ಮೊದಲಿಗಿಂತ ಚೆನ್ನಾಗಿಯೇ ನೋಡಿಕೊಂಡಳು ಎನ್ನಬೇಕು. ನರಸಕ್ಕ ಮಾತ್ರ ಎರಡು ವಾರ ಗಂಡನ ತಟ್ಟೆಯನ್ನು ನೆಲಕ್ಕೆ ತಳ್ಳುವಂತೆ ಇಟ್ಟಳು.

"ಮತ್ತೊಂದು ಸಲ ಕೇಳಿ ನೋಡ್ರಿ ಅವರ್ನ," ಎಂದಳು ಒಂದು ದಿನ.

"ಕೇಳೀನಲ್ಲ. ಆಗಂಗಿಲ್ಲ ಅಂದಾರ," ಎಂದ.

ಒಂದು ಮಧ್ಯಾಹ್ನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಹೊಲಿಗೆ ಮೇಜಿನಲ್ಲಿದ್ದ ವಾಣಿ ಎದ್ದು ನಿಂತಳು. ಬಾಗಿಲು ತೆಗೆದು ಹೊರಟಳು. ಸಂಜೀವಪ್ಪ ಮೌಸಿನಿಂದ ಅವಳನ್ನು ಒತ್ತಿದ, ಮೇಜನ್ನು ಒತ್ತಿದ, ಮತ್ತೆ ಅವಳನ್ನು ಒತ್ತಿದ.

"ರಾಮಾಂಜೀ, ಇಲ್ಲಿ ಬಾರೋ! ಇಕಿ ಎಲ್ಲಿಗೋ ಹೊಂಟಾಳ."

ಊಟಕ್ಕೆ ಬಂದಿದ್ದ ಮಗ ಕೈ ಒರೆಸಿಕೊಳ್ಳುತ್ತ ಓದಿದ. "ಬ್ಯಾಸತ್ತು ಊರು ಬಿಟ್ಟು ಹೊಂಟಾಳಪ್ಪ. ಎಷ್ಟು ಸಲ ಹೇಳ್ದೆ ನಿನಗ, ಆ ಗೀಟು ನೋಡು ಅಂತ."

"ಕರಿ ಅಕಿನ್ನ."

"ಇನ್ನ ಅಕಿ ಮಾತು ಕೇಳಂಗಿಲ್ಲ."

ಹಿಮದಲ್ಲಿ ಸಣ್ಣ ಚುಕ್ಕೆಯಾಗಿ ನಡೆಯುತ್ತ ಅವಳು ಪರದೆಯ ಅಂಚು ಮುಟ್ಟಿದಳು. ಆಮೇಲೆ ಕಾಣಲಿಲ್ಲ. ಸಂಜೀವಪ್ಪ ಕತ್ತು ತಿರುಗಿಸಿದರೆ ಹಿಂದೆ ಚಹಾದ ಲೋಟ ಹಿಡಿದು ವಾಣಿಶ್ರೀ ನಿಂತಿದ್ದಳು.

"ಹೋಗ್ಲಿ ಬಿಡಪ್ಪ," ಎಂದಳು. "ಒಬ್ಬಾಕಿಯಾದ್ರೂ ಹೋಗ್ಲಿ."

"ಹಿಂದಿನ ದಿನದ ಆಟ ಉಳಿಸಿಟ್ಟೀನಿ. ಅಲ್ಲಿಂದ ಮತ್ತ ಶುರು ಮಾಡಬೌದು," ಎಂದ ರಾಮಾಂಜಿನೇಯ.

"ಬ್ಯಾಡ," ಎಂದ ಸಂಜೀವಪ್ಪ. ಕಂಪ್ಯೂಟರಿನ ಸ್ವಿಚ್ಚು ಆರಿಸಿದ. ಆಮೇಲೆ ಅವನು ಅದರ ಮುಂದೆ ಕೂರಲಿಲ್ಲ.

ಎರಡು ದಿನ ಬಿಟ್ಟು, ಕೈ ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಅವನು ಕಲ್ಯಾಣದುರ್ಗದ ಬಸ್ಸು ಹತ್ತಿದ. ಅಲ್ಲಿ ಬಸ್ಸು ಬದಲಿಸಿ ಮಡಕಶಿರಾ ಸೇರಿದಾಗ ಮಧ್ಯಾಹ್ನ. ಕೇಂದ್ರದಲ್ಲಿ ಇಪ್ಪತ್ತು ಮಿಷನ್ನುಗಳು ಒಟ್ಟಿಗೆ ಓಡುತ್ತಿದ್ದವು. ಕಲಿಸುತ್ತಿದ್ದ ಹುಡುಗಿ ಯಾರದೋ ಕೈ ಹಿಡಿದು ಜೇಬಿನ ಮೂಲೆ ತಿರುಗಿಸುವುದನ್ನು ತೋರಿಸುತ್ತಿದ್ದಳು. ಮೂಲೆ ಅಷ್ಟೇನೂ ಚೂಪಾಗಿ ಬರಲಿಲ್ಲ ಎಂಬುದು ಬಾಗಿಲಿನಿಂದಲೇ ಸಂಜೀವಪ್ಪನಿಗೆ ಕಂಡಿತು.

ಕೇಂದ್ರ ನೋಡಿಕೊಳ್ಳುತ್ತಿದ್ದ ಬಸವರಾಜೇಶ್ವರಿ ಕುರ್ಚಿ ತೋರಿಸಿದರು. "ಬನ್ನಿ, ಕೂತ್ಕಳಿ. ರಾಯದುರ್ಗದಿಂದ ಇಲ್ಲಿಗಂಟ ಬಂದಿದ್ದೀರ, ಏನ್ ಸಮಾಚಾರ?"

ಅವನು ಮಗಳ ಹೆಸರು ಹೇಳಿದ. ಅವರು ಬೀರು ತೆಗೆದು ಒಂದು ಲಕೋಟೆ ಹೊರತೆಗೆದರು. ಒಳಗೆ ಜೀನ್ಸಿನ ಜೇಬು, ವಾಣಿಶ್ರೀಯ ಕೈಯದು.

"ಬಂದಿದ್ದ ಮಾದ್ರಿಲೆಲ್ಲಾ ಇದೇ ಚೆಂದಾಗಿತ್ತು, ಸ್ವಾಮಿ. ಈ ಹುಡ್ಗೀನೇ ಅಂತ ನಮ್ಮ ಮನಸಲ್ಲಿತ್ತು. ಅವತ್ತು ಮೂರು ಗಂಟೆ ಗಂಟ ಕಾದ್ವಿ. ಬರ್ನಿಲ್ಲ, ಒಂದು ಫೋನೂ ಇಲ್ಲ. ಇಪ್ಪತ್ತು ಜನದ ಅರ್ಜಿ, ಎಲ್ರಿಗೂ ನಾವೇ ಫೋನ್ ಮಾಡ್ಕಂಡು ಕೂರಾಕಾಯ್ತದಾ? ಸೋಮವಾರ ಬತ್ತೀನಿ ಅಂತ ಒಂದು ಮಾತು ಹೇಳಿದ್ದಿದ್ರೆ ಇಕ್ಕಂಡಿರ್ತಿದ್ವಿ."

"ಮೂರು ಗಂಟೀತನಕ ಕಾದ್ರೇನ್ರಿ?"

"ಹೂಂ, ಮೂರರ ಗಂಟ."

ಸಂಜೀವಪ್ಪ ಅಂದು ಗಡಿಯಾರ ನೋಡಿದಾಗ ಒಂದೂವರೆ ಆಗಿತ್ತು. ಇನ್ನೂ ಒಂದೂವರೆ ಗಂಟೆ ಇತ್ತು. ಅಷ್ಟು ಹೊತ್ತೂ ಫೋನು ಅವನ ಬಲಗೈಯ ಪಕ್ಕದಲ್ಲೇ ಬಿದ್ದಿತ್ತು. ಇದನ್ನು ತಗಳಿ, ನಮಗೆ ಇನ್ನ್ಯಾಕೆ ಎಂದು ಬಸವರಾಜೇಶ್ವರಿ ಲಕೋಟೆಯನ್ನು ಅವನ ಕೈಗೇ ಕೊಟ್ಟರು.

ಅವನು ಮನೆ ಮುಟ್ಟಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಹೊರಕೋಣೆಯಲ್ಲಿ ಹೊಸ ಕಟ್ಟು ಬಿಚ್ಚಿ ವಾಣಿಶ್ರೀ ಹೊಲಿಯುತ್ತಿದ್ದಳು. ನರಸಕ್ಕ ಕೆಳಗೆ ಕೂತು ನೂಲು ಕತ್ತರಿಸುತ್ತಿದ್ದಳು. ಚಪ್ಪಲಿ ಬಿಡುವುದೂ ಮರೆತು ಅವನು ಲಕೋಟೆಯನ್ನು ಮಿಷನ್ನಿನ ಹಲಗೆಯ ಮೇಲೆ ಇಟ್ಟ.

"ನಾ ಮಡಕಶಿರಾಕ ಹೋಗಿದ್ದೆವ್ವ," ಎಂದ. "ಅವತ್ತು ನಾ ಫೋನ್ ಮಾಡಿರ್ಲಿಲ್ಲ. ಸುಳ್ಳು ಹೇಳ್ದೆ. ಅವರು ಮೂರು ಗಂಟೀತನಕ ನಿನ್ನ ಸಲುವಾಗಿ ಕಾದಿದ್ರಂತ. ನಾ ಆ ಆಟ ಆಡಿಕೋತ ಕೂತಿದ್ದೆ."

ನರಸಕ್ಕನ ಕತ್ತರಿ ನಿಂತಿತು. "ಏನಂದ್ರಿ?" ಎಂದಳು.

ವಾಣಿಶ್ರೀ ಲಕೋಟೆಯಿಂದ ಜೇಬು ತೆಗೆದು ಮೂಲೆಗಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ಗೊತ್ತಿತ್ತಪ್ಪ," ಎಂದಳು.

"ಗೊತ್ತಿತ್ತಾ?"

"ಅವತ್ತು ಸಂಜಿಮುಂದ ರೀಚಾರ್ಜ್ ಮಾಡಾಕ ನಿನ್ನ ಫೋನ್ ತಗೊಂಡಿದ್ನಲ್ಲ. ಆ ನಂಬರಿಂದ ಸೋಮವಾರ ಬಂದದ್ದೊಂದೇ ಇತ್ತು. ನೀ ಮಾಡಿದ್ದು ಇರ್ಲಿಲ್ಲ. ಮರುದಿನ ನಾನ ಮಾಡ್ದೆ. ಆಫೀಸಿನಾಗ ಯಾರೋ ಎತ್ತಿ, ಬ್ಯಾರೇವ್ರಿಗೆ ಆಗಿಹೋತಮ್ಮ ಅಂದ್ರು."

"ಮತ್ತ ನನ್ನ ಯಾಕ ಕೇಳ್ಲಿಲ್ಲವ್ವ? ಬೈಬೇಕಿತ್ತು ನನ್ನ."

"ಕೇಳಿದ್ರ ನೀ ಇನ್ನೊಂದು ಸುಳ್ಳು ಹೇಳ್ತಿದ್ದಿ," ಎಂದಳು ವಾಣಿಶ್ರೀ. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಒಂದು ಸಾಕಾಗಿತ್ತು."

ಬಾಬಿನ್ನುಗಳಿದ್ದ ಡ್ರಾಯರ್ ಎಳೆದು ಜೇಬನ್ನು ಅದರೊಳಗೆ ಇಟ್ಟು ಮುಚ್ಚಿದಳು. ಮಗಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

"ಏಳವ್ವ," ಎಂದ. "ಏಳು. ಬಳ್ಳಾರಿಗೆ ಹೋಗು, ಹಿಂದೂಪುರಕ್ಕ ಹೋಗು, ಎಲ್ಲಿ ಕೆಲಸ ಕೇಳ್ತಿ ಕೇಳು, ನಾನೇ ಕರಕೊಂಡು ಹೋಗ್ತೀನಿ. ಈ ಕಟ್ಟು ಇಲ್ಲಿಗೇ ಬಿಡು. ಪುಟ್ಟಕ್ಕ ಮುಗಿಸ್ಲಿ. ಸಿದ್ದಬಸಪ್ಪಗ ನಾ ಹೇಳಿಕೋತೀನಿ."

ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತ. ಆ ಕ್ಷಣಕ್ಕೆ ಅವನು ನಿಜವಾಗಿಯೂ ಬೇಡಿಕೊಂಡ, ಇವಳೂ ಆಟದ ವಾಣಿಯ ಹಾಗೆ ಎದ್ದು ಹೊರಟುಬಿಡಲಿ, ತನ್ನ ಮಾತು ಕೇಳದಿರಲಿ ಎಂದು.

ವಾಣಿಶ್ರೀ ಪಕ್ಕದಲ್ಲಿ ಹರವಿಕೊಂಡಿದ್ದ ನೀಲಿ ಬಟ್ಟೆಯ ತುಂಡುಗಳನ್ನು ನೋಡಿದಳು. ಎಣಿಸಿದಂತೆ ನೋಡಿ, ಮೇಲಿನದನ್ನು ಎತ್ತಿ ಸೂಜಿಯ ಕೆಳಗೆ ಇಟ್ಟಳು.

"ಕಟ್ಟು ಬಿಚ್ಚೀನಲ್ಲಪ್ಪ," ಎಂದಳು. "ಮುಗಿಸ್ಬೇಕಲ್ಲ."

ಮಿಷನ್ ಶುರುವಾಯಿತು. ನರಸಕ್ಕ ಮುಖ ತಿರುಗಿಸಿ ಕತ್ತರಿ ಎತ್ತಿಕೊಂಡಳು. ಸಂಜೀವಪ್ಪ ಬಾಗಿಲ ಪಕ್ಕದಲ್ಲಿ ಹಾಗೇ ನಿಂತಿದ್ದ.